ಕೈಗಾಡಿ, ಗುದ್ದಲಿ, ಸಲಿಕೆ

ಸ್ಕಾಟ್ಲೆಂಡಿನ ಪೂರ್ವ ತೀರದಲ್ಲಿ, ಉತ್ತರ ಸಮುದ್ರದ ಕೊರೆಯುವ ಗಾಳಿಗೆ ವರ್ಷವಿಡೀ ಮೈಯೊಡ್ಡಿಕೊಂಡಿರುವ ಸೇಂಟ್ ಆಂಡ್ರ್ಯೂಸ್ ಎಂಬ ಪುಟ್ಟ ಪಟ್ಟಣಕ್ಕೆ ಭಗ್ನವಾಗಿ ನಿಂತಿರುವ ಕೆಥೀಡ್ರಲನ್ನು ಕಾಣಲು ಕೆಲವರು, 1413ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವನ್ನು ಕಾಣಲು ಕೆಲವರು ಬರುವರಾದರೂ, ಬಹುಮಂದಿಯನ್ನು ಅಲ್ಲಿಗೆ ಸೆಳೆಯುವುದು ಊರಿಗೂ ಕಡಲಿಗೂ ನಡುವೆ ಹಾಸಿಕೊಂಡಿರುವ, ಉಳಲು ಬಾರದ, ಉಬ್ಬುತಗ್ಗಿನ ಒಂದು ಮರಳುನೆಲದ ಪಟ್ಟಿ. ಅದೇ ಗಾಲ್ಫ್ ಆಟದ ತವರೆಂದು ಲೋಕವಿಖ್ಯಾತವಾದ ಓಲ್ಡ್ ಕೋರ್ಸ್. ಆ ಮೈದಾನದಲ್ಲಿ ಯಾರು ಯಾವಾಗ ಗೆದ್ದರು, ಯಾರ ಚೆಂಡು ಬಂಕರೆಂಬ ಯಾವ ಮರಳುಗುಂಡಿಯೊಳಗೆ ಬಿದ್ದು ಅವರ ಕೀರ್ತಿಯನ್ನೂ ತನ್ನೊಡನೆ ಹೂತುಹಾಕಿತು ಎಂಬ ವೃತ್ತಾಂತಗಳಿಂದ ಗ್ರಂಥಾಲಯಗಳು ತುಂಬಿವೆ. ನನ್ನ ಕುತೂಹಲವನ್ನು ಕೆರಳಿಸಿದ್ದಾದರೋ, ಅಲ್ಲಿನ ಗಾಲ್ಫ್ ಕ್ಲಬ್ಬಿನ ಚರಿತ್ರೆಯಲ್ಲಿ ಬರುವ ಒಂದು ಅಲ್ಪ ಪ್ರಸಂಗ: ಮೈದಾನವನ್ನು ನೋಡಿಕೊಳ್ಳಲು ಹೊಸದಾಗಿ ನೇಮಕಗೊಂಡ ಒಬ್ಬ ಮನುಷ್ಯನಿಗೆ ಅವನ ಅಧಿಕಾರದ ಲಾಂಛನಗಳೋ ಎಂಬಂತೆ ಒಂದು ಕೈಗಾಡಿ, ಒಂದು ಗುದ್ದಲಿ, ಒಂದು ಸಲಿಕೆ ಇವುಗಳನ್ನು ಒಪ್ಪಿಸಿದರೆಂಬುದು.

ಆತನ ಹೆಸರು ಟಾಮ್ ಮಾರಿಸ್. ಅದೇ ಹೆಸರಿನ ಮಗನೂ ಮುಂದೆ ಪ್ರಖ್ಯಾತನಾದುದರಿಂದ ಲೋಕವು ತಂದೆಯನ್ನು ಹಿರಿಯ ಟಾಮ್ ಎಂದು ಗುರುತಿಸುತ್ತದೆ. 1821ರ ಜೂನ್ ತಿಂಗಳಿನಲ್ಲಿ ಅದೇ ಊರಿನಲ್ಲಿ ಹುಟ್ಟಿದ ಈತನು ಬಾಲ್ಯದಲ್ಲಿಯೇ ಅಲನ್ ರಾಬರ್ಟ್‌ಸನ್ ಎಂಬ ನಿಪುಣನ ಬಳಿ ಚೆಂಡು ಕಟ್ಟುವ ಕಸುಬಿಗೆ ಸೇರಿದನು. ಆ ಕಾಲದ ಗಾಲ್ಫ್ ಚೆಂಡೆಂದರೆ ಒಂದು ಟೋಪಿ ತುಂಬುವಷ್ಟು ಗರಿಗಳನ್ನು ಬೇಯಿಸಿ, ಪುಟ್ಟ ತೊಗಲಿನ ಚೀಲದೊಳಗೆ ಎದೆಯ ಬಲವನ್ನೆಲ್ಲ ಹಾಕಿ ತುರುಕಿ, ಹೊಲಿದು, ಬಣ್ಣ ಬಳಿದು ಸಿದ್ಧಪಡಿಸಬೇಕಾದ ವಸ್ತು. ಇಡೀ ದಿನ ದುಡಿದರೂ ಒಬ್ಬನಿಂದ ಆಗುತ್ತಿದ್ದುದು ಬೆರಳೆಣಿಕೆಯ ಚೆಂಡುಗಳು ಮಾತ್ರ. ಅಷ್ಟರಲ್ಲಿ ಮಲಯ ದೇಶದ ಗಟ್ಟಾಪರ್ಚ ಎಂಬ ಮರದ ಅಂಟಿನಿಂದ ಮಾಡಿದ ಅಗ್ಗದ ಚೆಂಡು ಬಳಕೆಗೆ ಬಂದಿತು. ಭಾರತದಿಂದ ಸೇಂಟ್ ಆಂಡ್ರ್ಯೂಸಿಗೆ ಬಂದ ಅಮೃತಶಿಲೆಯ ವಿಷ್ಣು ವಿಗ್ರಹವೊಂದು ಒಡೆಯದಿರಲೆಂದು ಪೆಟ್ಟಿಗೆಯಲ್ಲಿ ಅದರ ಸುತ್ತ ತುಂಬಿದ್ದ ಗಟ್ಟಾಪರ್ಚದ ತುಂಡುಗಳಿಂದಲೇ ಮೊದಲ ಚೆಂಡು ಹುಟ್ಟಿತೆಂದು ಒಂದು ಪ್ರತೀತಿಯಿದೆ. ಕ್ಷೀರಸಾಗರಶಾಯಿಯಾದ ಸ್ವಾಮಿಗೆ ಇಂಥದೊಂದು ಲೀಲೆಯೂ ಇರಬಹುದೆಂದು ನಂಬುವುದಕ್ಕೆ ನನಗೇನೂ ಅಭ್ಯಂತರವಿಲ್ಲ. ಗರಿಚೆಂಡಿನಿಂದಲೇ ಜೀವಿಸುತ್ತಿದ್ದ ರಾಬರ್ಟ್‌ಸನ್ನನಿಗೆ ಮಾತ್ರ ಈ ಹೊಸ ಚೆಂಡು ವೈರಿಯಾಗಿ ಕಂಡಿತು, ಶಿಷ್ಯನು ಅದರಿಂದ ಆಡುತ್ತಿದ್ದುದನ್ನು ನೋಡಿ ಆತನು ಕೆರಳಿದನು, ಗುರುಶಿಷ್ಯರು ಬೇರಾದರು.

1851ರಲ್ಲಿ ಮಾರಿಸ್ ಸಂಸಾರಸಮೇತನಾಗಿ ಪಶ್ಚಿಮ ತೀರದ ಪ್ರೆಸ್ಟ್‌ವಿಕ್ಕಿಗೆ ಹೋಗಿ, ಅಲ್ಲಿನ ಮರಳುದಿಬ್ಬಗಳ ನಡುವೆ ಹನ್ನೆರಡು ಕುಳಿಗಳ ಮೈದಾನವೊಂದನ್ನು ರೂಪಿಸಿ, ಅದರ ಪಾಲಕನಾಗಿ ನಿಂತನು. ಓಪನ್ ಚಾಂಪಿಯನ್‌ಶಿಪ್ ಪಂದ್ಯ 1860ರಲ್ಲಿ ಪ್ರಾರಂಭವಾದದ್ದು ಆ ಮೈದಾನದಲ್ಲಿಯೇ. 1861, 1862, 1864 ಮತ್ತು 1867ರಲ್ಲಿ ಅದನ್ನು ಗೆದ್ದವನು ಈತನೇ. ಮೈದಾನ ರೂಪಿಸಿದವನೂ, ಅದರ ಹುಲ್ಲು ಸವರಿದವನೂ, ಅದರ ಮೇಲೆ ಗೆದ್ದವನೂ ಒಬ್ಬನೇ ಆಗಿದ್ದ ಕಾಲ ಅದು. ಈಗ ಈ ಮೂರು ಕೆಲಸಗಳಿಗೆ ಮೂರು ವರ್ಗದ ಜನರಿದ್ದಾರೆ; ಮೊದಲನೆಯವನಿಗೂ ಮೂರನೆಯವನಿಗೂ ಕೀರ್ತಿ, ನಡುವಿನವನಿಗೆ ಸಂಬಳ.

ಪ್ರೆಸ್ಟ್‌ವಿಕ್ಕಿನಲ್ಲಿದ್ದಾಗಲೇ ನಡೆಯಿತೆಂದು ಹೇಳುವ ಒಂದು ಸಣ್ಣ ಆಕಸ್ಮಿಕವು ಮೈದಾನಪಾಲನೆಯ ವಿದ್ಯೆಯಲ್ಲಿ ಒಂದು ಹೊಸ ಅಧ್ಯಾಯವನ್ನು ತೆರೆಯಿತು. ಮರಳು ತುಂಬಿದ ಕೈಗಾಡಿಯೊಂದು ಗ್ರೀನಿನ ಮೇಲೆ, ಎಂದರೆ ಕುಳಿಯ ಸುತ್ತಣ ನಯವಾದ ಹುಲ್ಲುಹಾಸಿನ ಮೇಲೆ, ಮಗುಚಿಕೊಂಡಿತಂತೆ. ಬಾಚಿ ತೆಗೆದಷ್ಟು ಹೋಗಿ, ಉಳಿದದ್ದು ಹುಲ್ಲಿನ ಬುಡದಲ್ಲಿ ನಿಂತಿತು. ಕೆಲವು ವಾರಗಳಲ್ಲಿ ಮರಳು ಬಿದ್ದ ಜಾಗದ ಹುಲ್ಲು ಉಳಿದೆಡೆಗಿಂತ ದಟ್ಟವಾಗಿ, ಸೂಕ್ಷ್ಮವಾಗಿ ಎದ್ದು ನಿಂತುದನ್ನು ಮಾರಿಸನ ಕಣ್ಣು ಗುರುತಿಸಿತು. ಕೈಗಾಡಿಗಳು ಅದಕ್ಕೆ ಮೊದಲೂ ಮಗುಚಿಕೊಂಡಿದ್ದಿರಬೇಕು. ಮಗುಚಿಕೊಂಡ ಜಾಗವನ್ನು ಮರೆಯದೆ ಹೋಗಿ ನೋಡಿದವನು ಈತ. ಅಂದಿನಿಂದ ಮರಳೇ ಆತನ ಮಂತ್ರವಾಯಿತು. ಸೇಂಟ್ ಆಂಡ್ರ್ಯೂಸಿನಲ್ಲಿ ತನಗೆ ನೆರವಾಗಿದ್ದ ಹನಿಮನ್ ಎಂಬ ಆಳಿಗೆ, ಇನ್ನಷ್ಟು ಮರಳು ಹಾಕು, ಇನ್ನಷ್ಟು ಮರಳು ಹಾಕು ಎಂದು ಆತನು ಕೂಗಿ ಹೇಳುತ್ತಿದ್ದುದು ಊರಿನವರ ಬಾಯಲ್ಲಿ ನಾಣ್ಣುಡಿಯಾಗಿ ಉಳಿಯಿತು.

ಸಮುದ್ರತೀರದ ಇಂಥ ನೆಲಕ್ಕೆ ಸಹಜವಾದ ಫೆಸ್ಕ್ಯೂ, ಬೆಂಟ್ ಎಂಬ ಹುಲ್ಲುಗಳು ಬಡತನದಲ್ಲಿಯೇ ಬಾಳುವ ಜಾತಿಯವು. ನೀರು, ಗೊಬ್ಬರಗಳನ್ನು ಧಾರಾಳವಾಗಿ ಉಣಿಸಿದೆವೋ, ಒರಟು ಹುಲ್ಲುಗಳು ನುಗ್ಗಿಬಂದು ಈ ಸುಕುಮಾರ ಜಾತಿಯನ್ನು ಒತ್ತರಿಸಿಬಿಡುತ್ತವೆ. ತೆಳುವಾಗಿ ಹರಡಿದ ಮರಳಾದರೆ ತಗ್ಗುಗಳನ್ನು ತುಂಬಿ ಮೈಯನ್ನು ಸಮಮಾಡುತ್ತದೆ, ಮಳೆನೀರು ಕೆಳಗಿಳಿಯಲು ದಾರಿ ಕೊಡುತ್ತದೆ, ಸತ್ತ ಬೇರುಕಾಂಡಗಳು ಮೆತ್ತೆಗಟ್ಟಿ ಉಸಿರುಕಟ್ಟಿಸುವುದನ್ನು ತಡೆಯುತ್ತದೆ. ಇಂದಿಗೂ ಜಗತ್ತಿನ ಗಾಲ್ಫ್ ಮೈದಾನಗಳೆಲ್ಲ ಈ ಉಪಚಾರವನ್ನು ನಡೆಸುತ್ತಿರುವುವು. ಯಂತ್ರಗಳು ಬಂದಿವೆ, ಚಿಕಿತ್ಸೆ ಬದಲಾಗಿಲ್ಲ.

1864ರಲ್ಲಿ ಸೇಂಟ್ ಆಂಡ್ರ್ಯೂಸಿನ ರಾಯಲ್ ಅಂಡ್ ಏನ್ಶೆಂಟ್ ಕ್ಲಬ್ಬಿನವರು ಮಾರಿಸನನ್ನು ಹುಟ್ಟೂರಿಗೆ ಮರಳಿ ಕರೆಸಿಕೊಳ್ಳಲು ನಿಶ್ಚಯಿಸಿದರು. ವರ್ಷಕ್ಕೆ 50 ಪೌಂಡ್ ವೇತನ. ಮೈದಾನದ ಖರ್ಚಿಗೆ 20 ಪೌಂಡ್. ಭಾರದ ಕೆಲಸಕ್ಕೆ ವಾರದಲ್ಲಿ ಎರಡು ದಿನ ಒಬ್ಬ ಆಳು. ಆಗಿನ ಓಲ್ಡ್ ಕೋರ್ಸ್ ಇಂದಿನ ಚಿತ್ರಪಟಗಳಲ್ಲಿ ಕಾಣುವ ಹಸುರು ಹಾಸಲ್ಲ. ಹಳದಿ ಹೂವಿನ ಮುಳ್ಳುಪೊದೆಗಳು ಎರಡು ಕಡೆಯಿಂದಲೂ ಒತ್ತಿಕೊಂಡು ಬಂದು ಆಟದ ದಾರಿಯನ್ನು ಇರುಕುಮಾಡಿದ್ದುವು. ಹೋಗುವವರೂ ಬರುವವರೂ ಒಂದೇ ಓಣಿಯಲ್ಲಿ ಎದುರುಬದುರಾಗುತ್ತಿದ್ದರು. ಕುಳಿಗಳ ಬಾಯಿ ಕಿತ್ತುಹೋಗಿ ಆಕಾರಗೆಟ್ಟಿದ್ದುವು. ಮಾರಿಸ್ ಪೊದೆಗಳನ್ನು ಕಡಿದು ಬಯಲನ್ನು ಅಗಲಮಾಡಿದನು. ಕುಳಿಗಳೊಳಗೆ ಲೋಹದ ಬಟ್ಟಲುಗಳನ್ನು ಇಳಿಸಿದನು. ಮೊದಲ ಕುಳಿಗೆ ಪ್ರತ್ಯೇಕವಾದ ಗ್ರೀನೊಂದನ್ನು ನಿರ್ಮಿಸಿದನು. ಊರಿನ ಮನೆಗಳಿಗೆ ಒತ್ತಿಕೊಂಡಂತಿರುವ ಹದಿನೆಂಟನೆಯ ಗ್ರೀನನ್ನು ತನ್ನ ಕೈಯಾರೆ ಕಡೆದು ನಿಲ್ಲಿಸಿದನು. ಹದಿನೆಂಟು ಎಂಬ ಸಂಖ್ಯೆಯೂ ಈ ಊರಿನದೇ ಕೊಡುಗೆ. ಮೊದಲು ಒಂದು ಸುತ್ತಿಗೆ ಇಪ್ಪತ್ತೆರಡು ಕುಳಿಗಳಿದ್ದುವು. 1764ರಲ್ಲಿ ಕೆಲವನ್ನು ಕೂಡಿಸಿ ಹದಿನೆಂಟು ಮಾಡಿದರು. ಲೋಕವು ಅದನ್ನೇ ಶಾಸನವೆಂದು ಒಪ್ಪಿಕೊಂಡಿತು. ಇಲ್ಲಿ ಏಳು ಗ್ರೀನುಗಳು ಎಷ್ಟು ವಿಶಾಲವೆಂದರೆ ಒಂದೊಂದರಲ್ಲಿಯೂ ಎರಡೆರಡು ಕುಳಿಗಳು, ಒಂದು ಹೋಗುವವರಿಗೆ, ಒಂದು ಬರುವವರಿಗೆ. ಆ ಎರಡರ ಕ್ರಮಸಂಖ್ಯೆಗಳನ್ನು ಕೂಡಿದರೆ ಪ್ರತಿಸಲವೂ ಹದಿನೆಂಟೇ ಆಗುತ್ತದೆ.

ಮೊದಲ ಕುಳಿಗೆ ಬೇರೆ ಗ್ರೀನು ಆದದ್ದರಿಂದ ಮತ್ತೊಂದು ಅನುಕೂಲವೂ ಒದಗಿತು. ಅದುವರೆಗೆ ಪ್ರದಕ್ಷಿಣವಾಗಿ ನಡೆಯುತ್ತಿದ್ದ ಆಟವನ್ನು ಅಪ್ರದಕ್ಷಿಣವಾಗಿಯೂ ನಡೆಸಲು ಸಾಧ್ಯವಾಗಿ, ಒಂದು ವಾರ ಹೀಗೆ, ಒಂದು ವಾರ ಹಾಗೆ ಎಂದು ಬದಲಾಯಿಸಿ ಆಡುವ ಪದ್ಧತಿ ಬಂದು, ಒಂದೇ ಜಾಗ ತುಳಿತಕ್ಕೆ ಸಿಕ್ಕಿ ಸವೆಯುವುದು ತಪ್ಪಿತು. ಕಾಲಕ್ರಮದಲ್ಲಿ ಅಪ್ರದಕ್ಷಿಣವೇ ಸ್ಥಿರವಾಯಿತು.

ನೆಲಕ್ಕೆ ವಿಶ್ರಾಂತಿ ಬೇಕೆಂಬುದರಲ್ಲಿ ಮಾರಿಸನದು ಅಚಲವಾದ ನಿಷ್ಠೆ. ಆತನು ಪ್ರೆಸ್ಬಿಟೇರಿಯನ್ ಪಂಥದ ದೈವಭೀರುವಾದ ಕ್ರೈಸ್ತ. ಭಾನುವಾರ ಮೈದಾನ ತೆರೆಯಬಾರದೆಂದು ಪಟ್ಟುಹಿಡಿದವನು. ಆಡಲು ಹಂಬಲಿಸಿ ಬಂದವರಿಗೆ, ನಿಮಗೆ ಬಿಡುವು ಬೇಡದಿದ್ದರೂ ಹುಲ್ಲಿಗೆ ಬೇಕು ಎಂಬರ್ಥದ ಉತ್ತರ ಕೊಡುತ್ತಿದ್ದನೆಂದು ಹೇಳುತ್ತಾರೆ. ಧರ್ಮಶ್ರದ್ಧೆಯೂ ಕೃಷಿಜ್ಞಾನವೂ ಒಂದೇ ಮಾತಿನಲ್ಲಿ ಹೀಗೆ ಕೂಡಿಕೊಳ್ಳುವುದು ಅಪರೂಪ. ವಿಶೇಷ ಪಂದ್ಯಗಳ ಕಾಲವನ್ನು ಬಿಟ್ಟರೆ ಓಲ್ಡ್ ಕೋರ್ಸ್ ಈಗಲೂ ಭಾನುವಾರ ಆಟಕ್ಕೆ ಮುಚ್ಚಿರುತ್ತದೆ. ಅಂದು ಊರಿನ ಮಕ್ಕಳು, ಮುದುಕರು, ನಾಯಿಗಳು ಅದರ ಮೇಲೆ ವಿಹರಿಸುತ್ತಿರುವುದನ್ನು ಕಾಣಬಹುದು. ಪ್ರವೇಶಶುಲ್ಕವಿಲ್ಲ. ಏಕೆಂದರೆ ನೆಲ ಯಾವ ಕ್ಲಬ್ಬಿನದೂ ಅಲ್ಲ, ಊರಿನದು. 1552ರಲ್ಲಿ ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಈ ಬಯಲಿನ ಮೇಲೆ ಆಡುವ ಹಕ್ಕನ್ನು ಊರವರಿಗೆ ಪತ್ರಮುಖೇನ ಸ್ಥಿರಪಡಿಸಿದನು. 1797ರಲ್ಲಿ ದಿವಾಳಿಯೆದ್ದ ಪುರಸಭೆ ನೆಲವನ್ನು ಮಾರಿಕೊಂಡು, ಅದು ಮೊಲ ಸಾಕುವವರ ಕೈಸೇರಿ, ಬಿಲಗಳಿಂದ ಜರ್ಝರಿತವಾಗಿ, ಆಟಗಾರರಿಗೂ ಮೊಲದವರಿಗೂ ಬಹುಕಾಲ ವ್ಯಾಜ್ಯ ನಡೆಯಿತು. 1821ರಲ್ಲಿ, ಎಂದರೆ ನಮ್ಮ ಟಾಮ್ ಹುಟ್ಟಿದ ವರ್ಷವೇ, ಗಾಲ್ಫ್ ಪ್ರಿಯನಾದ ಜೇಮ್ಸ್ ಚೀಪ್ ಎಂಬ ಭೂಮಾಲೀಕನು ಅದನ್ನು ಕೊಂಡು ಆಟಕ್ಕೆ ಉಳಿಸಿದನು. 1894ರಲ್ಲಿ ಅದು ಮತ್ತೆ ಊರಿನ ಸ್ವತ್ತಾಯಿತು. 1974ರಿಂದ ಒಂದು ಟ್ರಸ್ಟ್ ನೋಡಿಕೊಳ್ಳುತ್ತಿದೆ.

ಇನ್ನು ಕ್ಲಬ್ ಹೌಸ್. ಮೊದಲ ಕುಳಿಯ ಆಟ ಆರಂಭವಾಗುವೆಡೆಯ ಹಿಂದೆ ನಿಂತಿರುವ ಆ ಬೂದುಬಣ್ಣದ ಕಲ್ಲಿನ ಭವನವನ್ನು ಗಾಲ್ಫ್ ಬಲ್ಲವರೆಲ್ಲ ಚಿತ್ರದಲ್ಲಾದರೂ ಕಂಡಿರುತ್ತಾರೆ. 1754ರಲ್ಲಿ ಇಪ್ಪತ್ತೆರಡು ಮಂದಿ ಶ್ರೀಮಂತರು ಕೂಡಿ ಸ್ಥಾಪಿಸಿದ ಸಂಘಕ್ಕೆ 1834ರಲ್ಲಿ ನಾಲ್ಕನೆಯ ವಿಲಿಯಂ ದೊರೆಯಿಂದ ರಾಯಲ್ ಎಂಬ ಬಿರುದು ಬಂದಿತು. ಸ್ವಂತ ಭವನವಾದದ್ದು 1854ರಲ್ಲಿ. ಅಂದಿನಿಂದ ಅದಕ್ಕೆ ಮಹಡಿ, ಕಿಟಕಿಚಾಚು, ಪಾರ್ಶ್ವಗಳು ಸೇರುತ್ತಲೇ ಬಂದಿವೆ. ಅದರ ಗೋಡೆಯ ಮೇಲೆ ಸರ್ ಜಾರ್ಜ್ ರೀಡ್ ರಚಿಸಿದ ಹಿರಿಯ ಟಾಮನ ಭಾವಚಿತ್ರವಿದೆ. ಗಡ್ಡ, ಚಪ್ಪಟೆ ಟೋಪಿ, ಜೇಬಿನಲ್ಲಿ ಕೈ. ಆ ಕಾಲದಲ್ಲಿ ಸಂಬಳಕ್ಕೆ ದುಡಿಯುವವನು ಕ್ಲಬ್ಬಿನ ಸದಸ್ಯರ ಸಮಾನನಾಗಿ ಅಲ್ಲಿ ಕೂಡುವ ಮಾತೇ ಇರಲಿಲ್ಲ; ಅವನ ಚಿತ್ರಕ್ಕೆ ಕೂಡಲು ಅಡ್ಡಿಯಾಗಲಿಲ್ಲ. ಸ್ತ್ರೀಯರನ್ನು ಸದಸ್ಯರಾಗಿ ಸ್ವೀಕರಿಸಲು ಆ ಕ್ಲಬ್ಬು ಮತ ಹಾಕಿದ್ದು 2014ರಲ್ಲಿ. ಮಾರಿಸನ ಕಾಲದಲ್ಲಿಯೇ, 1867ರಲ್ಲಿ, ಊರಿನ ಸ್ತ್ರೀಯರು ತಮ್ಮದೇ ಪಟಿಂಗ್ ಕ್ಲಬ್ಬೊಂದನ್ನು, ಎಂದರೆ ಚೆಂಡನ್ನು ಹುಲ್ಲುಹಾಸಿನ ಮೇಲೆ ಕುಳಿಗೆ ಉರುಳಿಸುವ ಆಟದ ಕ್ಲಬ್ಬೊಂದನ್ನು, ಕಟ್ಟಿಕೊಂಡಿದ್ದರೆಂಬುದನ್ನು ನೆನೆದರೆ ಆ ವಿಳಂಬ ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ. ಅವರ ಉಬ್ಬುತಗ್ಗಿನ ಹುಲ್ಲುಹಾಸಿಗೆ ಇಂದಿಗೂ ಹಿಮಾಲಯವೆಂದೇ ಹೆಸರು.

ಟಾಮನ ಖಾಸಗಿ ಬಾಳು ದುಃಖದ್ದು. 1868ರಿಂದ ಮೂರು ವರ್ಷ ಸತತವಾಗಿಯೂ, ಮತ್ತೆ 1872ರಲ್ಲಿಯೂ ಓಪನ್ ಗೆದ್ದು ತಂದೆಗೆ ಸಮನಾದ ಕಿರಿಯ ಟಾಮ್, 1875ರ ಸೆಪ್ಟೆಂಬರಿನಲ್ಲಿ ಹೆರಿಗೆಯಲ್ಲಿ ಹೆಂಡತಿಯನ್ನೂ ಮಗುವನ್ನೂ ಕಳೆದುಕೊಂಡು, ಅದೇ ವರ್ಷ ಕ್ರಿಸ್ಮಸ್ ದಿನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಹೋದನು. ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ತಂದೆಗಿಂತ ಮುಂಚೆಯೇ ಹೋದರು. ಮುದುಕನು ಮಾತ್ರ ಬೆಳಗ್ಗೆ ಕೊರೆಯುವ ಕಡಲಿನಲ್ಲಿ ಮುಳುಗಿ ಎದ್ದು, 1903ರವರೆಗೂ ಮೈದಾನದ ಹೊಣೆಯನ್ನು ಹೊತ್ತಿದ್ದನು. 1908ರ ಮೇ ತಿಂಗಳಿನಲ್ಲಿ ಅದೇ ಊರಿನ ಮತ್ತೊಂದು ಕ್ಲಬ್ಬಿನ ಮೆಟ್ಟಿಲಿನಿಂದ ಬಿದ್ದು ಮಡಿದನು. ಕೆಥೀಡ್ರಲಿನ ಸ್ಮಶಾನದಲ್ಲಿ ಮಗನ ಪಕ್ಕದಲ್ಲಿಯೇ ಆತನ ಸಮಾಧಿ.

ಇಂದಿನ ಪಾಲಕರ ಕಷ್ಟಗಳು ಬೇರೆ. ನೂರಹನ್ನೆರಡು ಬಂಕರುಗಳಲ್ಲಿ ಕಡಿದಾದವುಗಳ ಒಳಗೋಡೆಯನ್ನು ಹುಲ್ಲು ಸಹಿತ ಕತ್ತರಿಸಿದ ಮಣ್ಣಿನ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ, ನಮ್ಮ ಹಳ್ಳಿಗಳಲ್ಲಿ ಮಣ್ಣುಗೋಡೆಗೆ ವರಸೆ ಇಡುವಂತೆ, ಒಂದೊಂದು ಪದರವನ್ನೂ ತುಸು ಹಿಂದಕ್ಕೆ ಸರಿಸಿ ಕಟ್ಟಬೇಕು. ಬಿಸಿಲುಗಾಳಿಗೆ ಕೆಲವೇ ವರ್ಷಗಳಲ್ಲಿ ಅದು ಕುಸಿಯುತ್ತದೆ, ಮತ್ತೆ ಕಟ್ಟಬೇಕು. ಚಳಿಗಾಲದ ಕೆಲಸ ಬಹುಪಾಲು ಇದೇ. ಕಡಲು ಒಳನುಗ್ಗದಂತೆ ಮರಳುದಿಬ್ಬಗಳನ್ನು ಕೂಡಿಸಿ, ಅವುಗಳ ಮೇಲೆ ಬೇರುಹಿಡಿಯುವ ಕರಾವಳಿಹುಲ್ಲನ್ನು ನೆಡಬೇಕು. ಇದೆಲ್ಲ ಯಾರ ಕಣ್ಣಿಗೂ ಬೀಳದ ಕೆಲಸ. ಕಣ್ಣಿಗೆ ಬೀಳುವಂತೆ ಏನಾದರೂ ಮಾಡಹೊರಟರೆ ಗಲಭೆಯೇಳುತ್ತದೆ: 2012ರ ಕೊನೆಯಲ್ಲಿ ಕೆಲವು ಬಂಕರುಗಳನ್ನೂ ಗ್ರೀನುಗಳ ಇಳಿಜಾರನ್ನೂ ತಿದ್ದಲು ಕೈಹಾಕಿದಾಗ ಪ್ರತಿಭಟನೆ ಬಂದಿತು, ಮೈದಾನದಲ್ಲಿ ಹರಿಯುವ ಸ್ವಿಲ್ಕನ್ ತೊರೆಯ ಪುಟ್ಟ ಕಲ್ಲುಸೇತುವೆಯ ಬುಡದಲ್ಲಿ ಜನರ ಕಾಲ್ತುಳಿತಕ್ಕೆ ಹುಲ್ಲು ನಿಲ್ಲುವುದಿಲ್ಲವೆಂದು 2023ರಲ್ಲಿ ಕಲ್ಲು ಹಾಸಿದಾಗ ಲೋಕದ ಗಾಲ್ಫ್ ಪ್ರಿಯರೆಲ್ಲ ಒಟ್ಟಾಗಿ ಕೂಗಿ, ಕೆಲವೇ ದಿನಗಳಲ್ಲಿ ಅದನ್ನು ಕೀಳಿಸಿದರು. ಕೂಗಿದವರ ಪಕ್ಷವೇ ನನ್ನದು. ಆದರೆ ಅಲ್ಲಿ ಹುಲ್ಲು ಸಾಯುವುದು ಭಾವಚಿತ್ರಕ್ಕಾಗಿ ಸೇತುವೆಯೇರುವ ಆ ಗಾಲ್ಫ್ ಪ್ರಿಯರ ಪಾದಗಳಿಂದಲೇ ಎಂಬುದನ್ನೂ ಹೇಳದೆ ಇರಲಾರೆ.

ಓಲ್ಡ್ ಕೋರ್ಸಿನ ಹದಿನೆಂಟನೆಯ ಕುಳಿಗೆ ಈಗ ಟಾಮ್ ಮಾರಿಸ್ ಎಂದೇ ಹೆಸರು. ಮಾರಿಸ್ ಅಲ್ಲಿ ಮರಳು ಹರಡುತ್ತಿದ್ದ ಕಾಲದಲ್ಲಿಯೇ, 1876ರಲ್ಲಿ, ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ಬೂ ಸ್ಥಾಪಿತವಾಯಿತು. ಅಂದಿನಿಂದ ಈ ನಾಡಿನಲ್ಲಿ ಎಷ್ಟು ಮೈದಾನಗಳು, ಅವುಗಳಲ್ಲಿ ಎಷ್ಟು ತಲೆಮಾರಿನ ಮಾಲಿಗಳು! ಕ್ಲಬ್ ಹೌಸುಗಳ ಗೋಡೆಗಳಲ್ಲಿ ಅಧ್ಯಕ್ಷರ, ವಿಜೇತರ ಹೆಸರುಗಳನ್ನು ಹೊನ್ನಿನ ಅಕ್ಷರಗಳಲ್ಲಿ ಬರೆಯಿಸುವ ರೂಢಿ ನಮ್ಮಲ್ಲಿಯೂ ಉಂಟು. ಆ ಹಲಗೆಗಳ ಪಕ್ಕದಲ್ಲಿ ಇನ್ನೊಂದು ಹಲಗೆಯನ್ನು ತೂಗಿಸಿ, ಬೆಳಗಿನ ಜಾವದಲ್ಲಿ ಬಂದು ಹುಲ್ಲು ಕತ್ತರಿಸಿ, ಕುಳಿಯ ಜಾಗ ಬದಲಿಸಿ, ಆಟಗಾರರು ಬರುವ ಮೊದಲೇ ಮರೆಯಾಗುವ ಮಾಲಿಗಳ ಹೆಸರುಗಳನ್ನೂ ಬರೆಯಿಸಬೇಕೆಂದು ಕ್ಲಬ್ಬುಗಳ ಕಾರ್ಯದರ್ಶಿಗಳಲ್ಲಿ ನನ್ನ ವಿನಂತಿ. ಹಲಗೆಗೆ ಹೆಚ್ಚು ಖರ್ಚಾಗದು. ಹೆಸರು ಹೇಳಬಲ್ಲ ಹಳಬರು ಇರುವಾಗಲೇ ಅದನ್ನು ಮಾಡುವುದೊಳ್ಳೆಯದು.