ಸಿಕ್ಕು ಬಿಡಿಸಿರಿ, ಜಡೆ ಬೆಳೆಯಗೊಡಬೇಡಿರಿ



ತಲೆ ಹಿಕ್ಕುವುದು ಹೆಂಗಸರ ಮಾತು, ನಮಗೇಕೆ ಎಂದು ಈ ಪುಟವನ್ನು ಬಿಟ್ಟು ಮುಂದೆ ಹೋಗಬೇಡಿರಿ. ಹೊಲದ ಕಳೆಯನ್ನು ಎರಡೆಲೆ ಇದ್ದಾಗ ಕಿತ್ತರೆ ಅದು ಬೆರಳಿನ ಕೆಲಸ. ಬಲಿಯಲು ಬಿಟ್ಟರೆ ಆಳು ಹಚ್ಚಿದರೂ ತೀರದು. ಕೂದಲಿನ ಸಿಕ್ಕೂ ಹಾಗೆಯೇ. ಹೆಣೆದ ಕೂದಲಿಗೆ ನಾವು ಹೆರಳು ಎನ್ನುತ್ತೇವೆ. ಗಂಟುಗಟ್ಟಿ ಬಿಡಿಸಲು ಬಾರದಂತಾದ ಕೂದಲಿಗೆ ಜಡೆ ಎನ್ನುತ್ತೇವೆ. ಇಂದು ಬೆರಳಿನಿಂದ ಬಿಡಿಸಬಹುದಾದ ಸಿಕ್ಕೇ ಕೆಲವು ತಿಂಗಳಲ್ಲಿ ಜಡೆಯಾಗುತ್ತದೆ. ಆ ಜಡೆಗೆ ಬೇರೆ ಅರ್ಥ ಕಟ್ಟಿ ಹೆಣ್ಣುಮಕ್ಕಳ ಬಾಳನ್ನೇ ಕೆಡಿಸಿದ್ದು ನಮ್ಮ ನಾಡಿನಲ್ಲಿ ಉಂಟು. ಆದುದರಿಂದ ಮನೆಯ ಯಜಮಾನರೂ ಈ ವಿಷಯವನ್ನು ತಿಳಿದಿರಬೇಕು.

ಸಿಕ್ಕು ಏಕೆ ಆಗುತ್ತದೆ?

ಕೂದಲಿನ ಪ್ರತಿಯೊಂದು ಎಳೆಯ ಮೈಮೇಲೂ ಮನೆಯ ಹಂಚಿನಂತೆ ಒಂದರ ಮೇಲೊಂದು ಹೊದಿಸಿದ ಸಣ್ಣ ಪದರುಗಳಿವೆ. ಅವು ಬರಿಗಣ್ಣಿಗೆ ಕಾಣಿಸವು. ಗೋಧಿಯ ತೆನೆಯನ್ನು ಬುಡದಿಂದ ತುದಿಗೆ ಸವರಿದರೆ ನುಣುಪು, ತಿರುಗಾ ಸವರಿದರೆ ಕೈಗೆ ತೊಡಕು. ಕೂದಲಿನ ಗುಣವೂ ಅದೇ. ಬಿಸಿಲು, ಗಾಳಿ, ತೊಗರಿ ಮತ್ತು ಜೋಳದ ರಾಶಿಯ ದೂಳು, ಗಡಸು ನೀರು ಇವುಗಳಿಂದ ಆ ಪದರುಗಳು ಎದ್ದು ನಿಲ್ಲುತ್ತವೆ. ಆಗ ಒಂದು ಎಳೆ ಇನ್ನೊಂದನ್ನು ಹಿಡಿದುಕೊಳ್ಳುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ಮುಖ್ಯವಾದುದು. ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಎಳೆಗಳಿರುತ್ತವೆ. ಒಂದೊಂದು ಎಳೆ 2ರಿಂದ 6 ವರ್ಷ ಬೆಳೆದು ತಾನಾಗಿಯೇ ಉದುರುತ್ತದೆ. ಹೀಗೆ ದಿನಕ್ಕೆ 50ರಿಂದ 100 ಎಳೆ ಉದುರುವುದು ಸಹಜ, ಅದು ರೋಗವಲ್ಲ. ದಿನವೂ ಹಿಕ್ಕಿದರೆ ಉದುರಿದ್ದು ಹಣಿಗೆಯಲ್ಲಿ ಬರುತ್ತದೆ. ಹಿಕ್ಕದಿದ್ದರೆ ಅದು ತಲೆಯಲ್ಲೇ ಉಳಿದು, ನಿಂತ ಕೂದಲಿಗೆ ಸುತ್ತಿಕೊಳ್ಳುತ್ತದೆ. ಬೆವರು, ಜಿಡ್ಡು, ದೂಳು ಸೇರಿ, ದಿಂಬಿನ ಮೇಲೆ ತಿಕ್ಕಿ ತಿಕ್ಕಿ, ಒತ್ತಿದ ಕುರಿಯ ಉಣ್ಣೆಯಂತೆ ಗಟ್ಟಿಯಾಗುತ್ತದೆ. ಜಡೆ ಹುಟ್ಟುವ ಬಗೆ ಇದೇ.

ಬಾಣಂತನ, ದೀರ್ಘ ಜ್ವರ, ಹಾಸಿಗೆ ಹಿಡಿದ ಕಾಲ, ಬಿಡುವಿಲ್ಲದ ಸುಗ್ಗಿ, ಇವು ಸಿಕ್ಕು ಬಲಿಯುವ ಸಮಯಗಳು. ಹೆರಿಗೆಯಾಗಿ ಎರಡು ಮೂರು ತಿಂಗಳಿಗೆ ಕೂದಲು ಹೆಚ್ಚು ಉದುರುವುದರಿಂದ ಬಾಣಂತಿಯರ ತಲೆಯನ್ನು ಮನೆಯವರೇ ಹಿಕ್ಕಿಕೊಡುವುದು ಒಳ್ಳೆಯದು.

ಹಿಕ್ಕುವ ಕ್ರಮ

ಬಾವಿಯ ಹಗ್ಗ ತೊಡಕಾದಾಗ ನೀವು ಏನು ಮಾಡುತ್ತೀರಿ? ಹಗ್ಗವನ್ನು ಜಗ್ಗಿದರೆ ಗಂಟು ಬಿಗಿಯುತ್ತದೆ. ಬಿಡಿ ತುದಿಯನ್ನು ಹಿಡಿದು ಒಂದೊಂದೇ ಸುತ್ತು ಸಡಿಲಿಸುತ್ತೀರಿ. ಕೂದಲಿಗೂ ಇದೇ ನಿಯಮ.

1. ಮೊದಲು ಬೆರಳುಗಳಿಂದಲೇ ದೊಡ್ಡ ಸಿಕ್ಕುಗಳನ್ನು ಹುಡುಕಿ ಸಡಿಲಿಸಿರಿ.

2. ಉದ್ದ ಕೂದಲನ್ನು ನಾಲ್ಕು ಪಾಲು ಮಾಡಿ, ಒಂದು ಪಾಲು ಮುಗಿದ ಮೇಲೆ ಇನ್ನೊಂದನ್ನು ಹಿಡಿಯಿರಿ.

3. ಅಗಲ ಹಲ್ಲಿನ ಹಣಿಗೆಯಿಂದ ತುದಿಯ ನಾಲ್ಕು ಬೆರಳಿನಷ್ಟನ್ನು ಮೊದಲು ಹಿಕ್ಕಿರಿ. ಅದು ಸಲೀಸಾದ ಮೇಲೆ ಸ್ವಲ್ಪ ಮೇಲಿನಿಂದ, ಹೀಗೆ ಏರುತ್ತ ಕೊನೆಗೆ ಬುಡದಿಂದ ಹಿಕ್ಕಿರಿ. ನೆತ್ತಿಯಿಂದಲೇ ಎಳೆಯುವುದರಿಂದ ಎಲ್ಲ ಸಿಕ್ಕೂ ಕೆಳಗೆ ಸೇರಿ ಒಂದೇ ಗಂಟಾಗುತ್ತದೆ.

4. ಹಿಕ್ಕುವಾಗ ಗಂಟಿನ ಮೇಲ್ಭಾಗದಲ್ಲಿ ಕೂದಲನ್ನು ಎಡಗೈಯಿಂದ ಬಿಗಿಯಾಗಿ ಹಿಡಿಯಿರಿ. ಆಗ ಬುಡಕ್ಕೆ ಎಳೆತ ಹೋಗದು, ಮಗು ಅಳದು.

5. ಬಿಡದ ಗಂಟಿಗೆ ನಾಲ್ಕು ಹನಿ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಬಿಡಿರಿ. ಕೊಬ್ಬರಿ ಎಣ್ಣೆ ಎಳೆಯ ಒಳಗೂ ಇಳಿದು ತೊಳೆಯುವಾಗ ಆಗುವ ಸವಕಳಿಯನ್ನು ಕಡಿಮೆ ಮಾಡುತ್ತದೆ. ಅದಿಲ್ಲದಿದ್ದರೆ ಮನೆಯ ಕುಸುಬಿ ಎಣ್ಣೆಯೂ ಹಣಿಗೆ ಜಾರಲು ಸಾಕು.

6. ನೀಳ ಕೂದಲು ಒದ್ದೆಯಾಗಿದ್ದಾಗ ಎಳೆದು ಹಿಕ್ಕಬೇಡಿರಿ. ಒದ್ದೆ ಎಳೆ ಹಿಗ್ಗಿ ಬೇಗ ಕಡಿಯುತ್ತದೆ. ಬಹಳ ಗುಂಗುರು ಕೂದಲಿನವರು ಮಾತ್ರ ಸ್ವಲ್ಪ ಹಸಿ ಇರುವಾಗಲೇ ಎಣ್ಣೆ ಹಚ್ಚಿ ಅಗಲ ಹಣಿಗೆಯಿಂದ ಬಿಡಿಸುವುದು ಮೇಲು.

7. ರಾತ್ರಿ ಮಲಗುವಾಗಲೂ ಹೊಲಕ್ಕೆ ಹೋಗುವಾಗಲೂ ಸಡಿಲವಾಗಿ ಹೆರಳು ಹಾಕಿರಿ. ಬಹಳ ಬಿಗಿದರೆ ಹಣೆಯ ಅಂಚಿನ ಕೂದಲು ಕ್ರಮೇಣ ಉದುರುತ್ತದೆ. ರಾಶಿ ಮಾಡುವಾಗ ತಲೆಗೆ ಬಟ್ಟೆ ಕಟ್ಟಿಕೊಳ್ಳಿರಿ.

ಹಣಿಗೆ ಮತ್ತು ನೀರು

ಹೋಳಿ ಹುಣ್ಣಿಮೆಯ ನಂತರ ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಜಾತ್ರೆಗೆ ಕಮಲಾಪುರದ ಕಡೆಯಿಂದಲೂ ಇತರ ಊರುಗಳಿಂದಲೂ ನೀವೆಲ್ಲ ಮನೆಮಂದಿಯೊಡನೆ ಹೋಗುವವರೇ. ತೇರು ನೋಡಿ, ದಾಸೋಹದ ಪ್ರಸಾದ ಉಂಡು, ಬಳೆ ರಿಬ್ಬನ್ನು ಕೊಳ್ಳುವಾಗ ಒಂದು ಒಳ್ಳೆಯ ಹಣಿಗೆಯನ್ನೂ ನೋಡಿ ಕೊಳ್ಳಿರಿ. ಹಲ್ಲುಗಳು ಅಗಲವಾಗಿ, ತುದಿ ದುಂಡಗೆ ಇರಬೇಕು. ಮುಂಗೈ ಮೇಲೆ ಎಳೆದು ನೋಡಿರಿ. ಗೀರಿದರೆ ಅದು ನೆತ್ತಿಯನ್ನೂ ಗೀರುತ್ತದೆ. ಮುರಿದ ಹಲ್ಲಿನ ಹಣಿಗೆ ಕೂದಲನ್ನು ಕೊಯ್ಯುತ್ತದೆ; ಅದನ್ನು ಇಟ್ಟುಕೊಳ್ಳಬೇಡಿರಿ.

ಶಹಾಬಾದ, ಚಿತ್ತಾಪುರ, ಸೇಡಂ ಕಡೆಯದು ಸುಣ್ಣದ ಕಲ್ಲಿನ ನೆಲ. ಇಂಥ ನೆಲದ ಕೊಳವೆ ಬಾವಿಯ ಗಡಸು ನೀರಿನಲ್ಲಿ ಸಾಬೂನು ನೊರೆಯಾಗುವ ಬದಲು ಜಿಗಟಾಗಿ ಕೂದಲಿಗೆ ಅಂಟುತ್ತದೆ. ಅದಕ್ಕೆ ಬಟ್ಟೆ ಸಾಬೂನು ಬೇಡ. ಸೀಗೆಕಾಯಿ ಅಥವಾ ಅಂಟುವಾಳ ಆದೀತು, ಶಾಂಪೂ ಆದರೂ ಆದೀತು. ಎರೆದುಕೊಳ್ಳುವ ಮೊದಲೇ ಒಮ್ಮೆ ಹಿಕ್ಕಿರಿ. ನೆತ್ತಿಯನ್ನು ತಿಕ್ಕಿರಿ, ಕೂದಲನ್ನು ಮುದ್ದೆ ಮಾಡಿ ತಿಕ್ಕಬೇಡಿರಿ. ಮಳೆ ನೀರು ಹಿಡಿದಿಟ್ಟಿದ್ದರೆ ಕೊನೆಯ ತಂಬಿಗೆ ಅದರಿಂದಲೇ ಹಾಕಿಕೊಳ್ಳಿರಿ.

ಹೇನಿಗೆ ಹೊಲದ ಔಷಧ ಬೇಡ

ಹೇನಾದ ಮಗು ಹಣಿಗೆ ಮುಟ್ಟಗೊಡದು. ಅಲ್ಲಿಂದಲೇ ಸಿಕ್ಕು ಬೆಳೆಯುತ್ತದೆ. ಕೂದಲಿಗೆ ಎಣ್ಣೆ ಹಚ್ಚಿ, ಮೊದಲು ಅಗಲ ಹಣಿಗೆಯಿಂದ ಸಿಕ್ಕು ಬಿಡಿಸಿ, ಆಮೇಲೆ ಸೀರಣಿಗೆಯಿಂದ ಬುಡದಿಂದ ತುದಿಯವರೆಗೆ ಹಿಕ್ಕಿರಿ. ಸೀರು ಒಡೆದು ಮರಿಯಾಗಲು 7ರಿಂದ 10 ದಿನ ಬೇಕು. ಆದುದರಿಂದ ಮೂರು ನಾಲ್ಕು ದಿನಕ್ಕೊಮ್ಮೆಯಂತೆ ಎರಡು ಮೂರು ವಾರ ಬಿಡದೆ ಮಾಡಬೇಕು. ಮನೆಯ ಎಲ್ಲರ ತಲೆಯನ್ನೂ ನೋಡಬೇಕು. ಬೆಳೆಗೆ ಹೊಡೆಯುವ ಕೀಟನಾಶಕವನ್ನು ಎಂದಿಗೂ ತಲೆಗೆ ಹಚ್ಚಬೇಡಿರಿ. ಅದು ಚರ್ಮದ ಮೂಲಕ ಮೈಗೆ ಇಳಿದು ಪ್ರಾಣಕ್ಕೇ ಅಪಾಯ ತರುತ್ತದೆ. ಸೀಮೆಎಣ್ಣೆಯೂ ಬೇಡ. ಹೇನಿಗೆ ಬೇರೆಯೇ ಔಷಧವಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿರಿ.

ಜಡೆ ಬಂದರೆ?

ಜಡೆ ಬಂದರೆ ಎಲ್ಲಮ್ಮ ಮೈಗೆ ಬಂದಳು, ಆ ಹೆಣ್ಣನ್ನು ತನಗೆ ಬಿಡಿರೆಂದು ಕೇಳಿದಳು ಎಂಬ ನಂಬಿಕೆ ಉತ್ತರ ಕರ್ನಾಟಕದಲ್ಲೂ ಮಹಾರಾಷ್ಟ್ರದ ಗಡಿಯಲ್ಲೂ ಬಹುಕಾಲ ಇದ್ದಿತು. ಇಂದಿಗೂ ಪೂರ್ತಿ ಅಳಿದಿಲ್ಲ. ಜಡೆಗೆ ಭಂಡಾರ ಹಚ್ಚಿ ಪೂಜಿಸಿ, ಕತ್ತರಿಸಿದರೆ ಕೇಡೆಂದು ಹೆದರಿ, ಅರಿಯದ ಬಾಲೆಯರನ್ನು ದೇವರಿಗೆ ಬಿಟ್ಟದ್ದುಂಟು. ಆ ಮೇಲೆ ಅವರಿಗೆ ಮದುವೆಯಿಲ್ಲ, ಶಾಲೆಯಿಲ್ಲ, ಮಕ್ಕಳಿಗೆ ತಂದೆಯ ಹೆಸರಿಲ್ಲ. ದೇವಿಯ ಮೇಲಿನ ಭಕ್ತಿ ನಿಮ್ಮದು. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಹಣಿಗೆ ಕಾಣದ ಕೂದಲನ್ನು ದೇವಿಯ ಅಪ್ಪಣೆ ಎನ್ನುವುದು ಭಕ್ತಿಯಲ್ಲ.

ಈ ಜಡೆ ನಮ್ಮಲ್ಲಿ ಮಾತ್ರ ಬರುವುದೂ ಅಲ್ಲ. ದೂರದ ಯೂರೋಪಿನ ಪೋಲೆಂಡ್ ದೇಶದಲ್ಲಿ ಇಂಥ ಜಡೆ ಎಷ್ಟು ಸಾಮಾನ್ಯವಾಗಿತ್ತೆಂದರೆ ವೈದ್ಯರು ಅದಕ್ಕೆ ಆ ದೇಶದ ಹೆಸರನ್ನೇ ಇಟ್ಟು ‘ಪ್ಲೈಕಾ ಪೊಲೋನಿಕಾ’ ಎಂದು ಕರೆದರು. ಕತ್ತರಿಸಿದರೆ ರೋಗ ಬರುವುದೆಂದು ಅಲ್ಲಿಯ ಹಳ್ಳಿಗರೂ ಹೆದರುತ್ತಿದ್ದರು. 19ನೆಯ ಶತಮಾನದಲ್ಲಿ ಕ್ರಾಕೋವ್ ನಗರದ ವೈದ್ಯ ಯೂಜೆಫ್ ಡೀಟ್ಲ್ ಅವರು ಇದು ತಲೆ ಶುಚಿಯಿಲ್ಲದ್ದರ ಫಲವೆಂದು ಸಾರಿ ಜನರ ಭಯ ಬಿಡಿಸಲು ದುಡಿದರು. ಅಲ್ಲಿ ಎಲ್ಲಮ್ಮನ ಹೆಸರನ್ನೇ ಯಾರೂ ಕೇಳಿರಲಿಲ್ಲ. ಜಡೆ ಮಾತ್ರ ಅದೇ, ಭಯವೂ ಅದೇ. ನೆರೆಯ ಮಹಾರಾಷ್ಟ್ರದಲ್ಲಿ 1989ರಲ್ಲಿ ಸ್ಥಾಪನೆಯಾದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರು ಅನೇಕ ಮಹಿಳೆಯರ ಮನವೊಲಿಸಿ ಜಡೆ ಕತ್ತರಿಸಿದ್ದಾರೆ.

ಜಡೆ ಚಿಕ್ಕದಾಗಿದ್ದರೆ ಎಣ್ಣೆಯಲ್ಲಿ ನೆನೆಸಿ, ಬೆರಳಿನಿಂದಲೂ ಮೊಂಡು ಕಡ್ಡಿಯಿಂದಲೂ ಉದ್ದುದ್ದ ಸೀಳುತ್ತ ತುದಿಯಿಂದ ಬಿಡಿಸಿರಿ. ಎರಡು ಮೂರು ದಿನ ಹಿಡಿದರೂ ಅವಸರ ಬೇಡ. ಗಟ್ಟಿಯಾಗಿದ್ದರೆ ಕತ್ತರಿಯಿಂದ ತೆಗೆಯುವುದೇ ಸರಿ. ನೆತ್ತಿಯ ಹೊರಗಿನ ಕೂದಲಿಗೆ ಜೀವವಿಲ್ಲ. ಕತ್ತರಿಸಿದರೆ ರಕ್ತ ಬಾರದು, ನೋವಾಗದು, ಕೇಡೂ ಆಗದು. ತಲೆ ಹಗುರಾಗಿ ಕುತ್ತಿಗೆಯ ಎಳೆತ ತಪ್ಪುತ್ತದೆ. ಅಡಿಯಲ್ಲಿ ಹುಣ್ಣೋ ಕೀವೋ ಇದ್ದರೆ ಆಸ್ಪತ್ರೆಗೆ ತೋರಿಸಿರಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಮತ್ತೆ ಬೆಳೆಯುತ್ತದೆ.

ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ಕರ್ನಾಟಕ ಸರ್ಕಾರ 1982ರ ಕಾನೂನಿನಿಂದ ನಿಷೇಧಿಸಿತು. ಹಾಗೆ ಬಿಡುವ ತಂದೆತಾಯಿಗಳೂ ಶಿಕ್ಷೆಗೆ ಗುರಿಯಾಗುತ್ತಾರೆ. ನಿಮ್ಮ ಊರಿನಲ್ಲಿ ಅಂಥ ಮಾತು ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿರಿ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ದಿನಕ್ಕೆ ಹತ್ತು ನಿಮಿಷ, ಒಂದು ಅಗಲ ಹಣಿಗೆ, ನಾಲ್ಕು ಹನಿ ಎಣ್ಣೆ, ಖರ್ಚು ಇಷ್ಟೇ. ಓದಲು ಬಾರದ ಅವ್ವ, ಅಜ್ಜಿಯರಿಗೆ ಈ ಪುಟವನ್ನು ಓದಿ ಹೇಳಿರಿ. ಮನೆಯಲ್ಲಿ ಬಾಣಂತಿಯೋ, ಜ್ವರದಿಂದ ಎದ್ದ ಮಗಳೋ ಇದ್ದರೆ ಇಂದು ಸಂಜೆಯೇ ಅವರ ತಲೆಯನ್ನು ಬಿಚ್ಚಿ ನೋಡಿರಿ.