ವಯಸ್ಸು ಕೇಳದ ಪಾಲಿಸಿ: ಯುವ ಚಾಲಕರು ಮತ್ತು ಕಾರು ವಿಮೆಯ ನಿಜವಾದ ವೆಚ್ಚ

ಭಾರತದಲ್ಲಿ ಕಾರು ವಿಮೆಯ ಕಂತು ನಿರ್ಧಾರವಾಗುವುದು ಬಹುಮಟ್ಟಿಗೆ ವಾಹನವನ್ನು ನೋಡಿಯೇ ಹೊರತು ಅದನ್ನು ಓಡಿಸುವವರನ್ನು ನೋಡಿ ಅಲ್ಲ. ಪಾಲಿಸಿಯ ಮೊದಲ ಹಾಳೆಯಲ್ಲಿ ನೋಂದಣಿ ಸಂಖ್ಯೆ, ಎಂಜಿನ್ ಮತ್ತು ಚಾಸಿ ಸಂಖ್ಯೆಗಳು, ತಯಾರಾದ ವರ್ಷ, ಎಂಜಿನ್ನಿನ ಸಿಸಿ, ಆಸನಗಳ ಸಂಖ್ಯೆ ಇವೆಲ್ಲ ಅಚ್ಚುಕಟ್ಟಾಗಿ ಮುದ್ರಿತವಾಗಿರುತ್ತವೆ. ಆದರೆ ಸ್ಟಿಯರಿಂಗ್ ಹಿಡಿಯುವವರು ಲೈಸೆನ್ಸ್ ಪಡೆದು ಒಂದು ವಾರವಾಯಿತೋ ಮೂವತ್ತು ವರ್ಷವಾಯಿತೋ ಎಂಬುದಕ್ಕೆ ಅಲ್ಲಿ ಸಾಮಾನ್ಯವಾಗಿ ಜಾಗವಿರುವುದಿಲ್ಲ. ಈ ಕಾರಣದಿಂದ ಯುವ ಚಾಲಕರಿಗೆ ನಮ್ಮಲ್ಲಿ ವಿಮೆ ಅಗ್ಗವೆಂಬ ಭಾವನೆ ಬೆಳೆದಿದೆ. ಕಂತಿನ ಮಟ್ಟಿಗೆ ಅದು ನಿಜವೂ ಹೌದು. ಆದರೆ ಕಂತಿನಲ್ಲಿ ವಸೂಲಾಗದ ವೆಚ್ಚ ಇಲ್ಲವಾಗುವುದಿಲ್ಲ; ಅಪಘಾತವಾದ ಮೇಲೆ, ಪಾಲಿಸಿಯ ಷರತ್ತುಗಳ ಮೂಲಕ, ಹಲವು ಸಲ ಇಡೀ ಕುಟುಂಬದ ಮೇಲೆ ಒಮ್ಮೆಗೇ ಬಂದು ಬೀಳುತ್ತದೆ.

ಬ್ರಿಟನ್ನಿನ ಪದ್ಧತಿ ಇದಕ್ಕೆ ತೀರ ವಿರುದ್ಧವಾದದ್ದು. ಅಲ್ಲಿ 17ನೇ ವಯಸ್ಸಿಗೆ ಕಾರು ಓಡಿಸಲು ಅವಕಾಶವಿದ್ದು, ವಿಮಾ ಕಂಪನಿಯು ಚಾಲಕನ ವಯಸ್ಸು, ಅನುಭವ, ವಾಸಸ್ಥಳ, ಹಿಂದಿನ ಅಪಘಾತಗಳು ಎಲ್ಲವನ್ನೂ ತೂಗಿ ಕಂತು ಹೇಳುವುದರಿಂದ, ಹಳೆಯ ಕಾರು ಕೊಳ್ಳಲು ಕೊಟ್ಟ ಹಣಕ್ಕಿಂತ ಮೊದಲ ವರ್ಷದ ವಿಮೆಯೇ ದುಬಾರಿಯಾಗುವುದುಂಟು. ಹೆಣ್ಣುಮಕ್ಕಳಿಗೆ ಕಡಿಮೆ ದರ ವಿಧಿಸುವ ರೂಢಿಯನ್ನು ಯುರೋಪಿನ ನ್ಯಾಯಾಲಯ 2011ರಲ್ಲಿ ತಳ್ಳಿಹಾಕಿದ್ದರಿಂದ 2012ರ ಡಿಸೆಂಬರ್ 21ರಿಂದ ಲಿಂಗಾಧಾರಿತ ದರ ನಿಂತುಹೋಯಿತಾದರೂ ವಯಸ್ಸಿನ ಲೆಕ್ಕ ಹಾಗೆಯೇ ಉಳಿಯಿತು. ಕಂತು ಇಳಿಸಿಕೊಳ್ಳಲು ಅನೇಕ ತರುಣರು ಕಾರಿನಲ್ಲಿ ವೇಗ, ಬ್ರೇಕು, ತಿರುವುಗಳನ್ನು ದಾಖಲಿಸುವ ಸಣ್ಣ ಪೆಟ್ಟಿಗೆಯನ್ನು ಕೂರಿಸಿಕೊಳ್ಳುತ್ತಾರೆ. ನಿತ್ಯ ಓಡಿಸುವವನು ಮಗನಾಗಿದ್ದರೂ ತಂದೆಯೇ ಮುಖ್ಯ ಚಾಲಕನೆಂದು ಬರೆಸುವ ಉಪಾಯವನ್ನು ಅಲ್ಲಿ ವಂಚನೆಯೆಂದೇ ಪರಿಗಣಿಸಲಾಗುತ್ತದೆ. ಓದಲು ಹೋದ ಕನ್ನಡದ ವಿದ್ಯಾರ್ಥಿಗಳು ಭಾರತದ ಲೈಸೆನ್ಸಿನಲ್ಲಿ 12 ತಿಂಗಳವರೆಗೆ ಅಲ್ಲಿ ಕಾರು ಓಡಿಸಬಹುದಾದರೂ, ಊರಿನಲ್ಲಿ ತಂದೆಯ ಕಾರನ್ನು ಹಾಗೆಯೇ ಓಡಿಸಿದ ಅಭ್ಯಾಸದಿಂದ ಈ ನಿಯಮದಲ್ಲಿ ಸಿಲುಕದಂತೆ ಎಚ್ಚರ ವಹಿಸಬೇಕು.

ಯುವಕರನ್ನು ವಿಮಾ ಕಂಪನಿಗಳು ಅಪಾಯವೆಂದು ಕಾಣುವುದು ಪೂರ್ವಗ್ರಹದಿಂದಲ್ಲ. ರಸ್ತೆಯಲ್ಲಿ ಮುಂದೇನಾಗಬಹುದೆಂದು ಊಹಿಸುವ ಶಕ್ತಿ ಓಡಿಸಿ ಓಡಿಸಿಯೇ ಬರತಕ್ಕದ್ದು; ರಾತ್ರಿಯ ಪಯಣ, ಜೊತೆಗಿರುವ ಗೆಳೆಯರ ಒತ್ತಾಸೆ, ವೇಗದ ಹುಮ್ಮಸ್ಸು ಸೇರಿದಾಗ ಆ ಕೊರತೆ ಮತ್ತಷ್ಟು ಹಿಗ್ಗುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವರಲ್ಲಿ ಶೇ. 66.5ರಷ್ಟು ಮಂದಿ 18ರಿಂದ 45 ವರ್ಷದೊಳಗಿನವರು. ಇವರೆಲ್ಲ ಚಾಲಕರಲ್ಲ, ಪಾದಚಾರಿಗಳೂ ಸಹಪ್ರಯಾಣಿಕರೂ ಇದರಲ್ಲಿದ್ದಾರೆ. ಆದರೂ ದುಡಿಯುವ ವಯಸ್ಸಿನವರೇ ಹೀಗೆ ಹೋಗುತ್ತಿರುವ ದೇಶದಲ್ಲಿ ವಿಮೆಯನ್ನು ಪೊಲೀಸರಿಗೆ ತೋರಿಸುವ ಕಾಗದವೆಂದು ಮಾತ್ರ ಭಾವಿಸುವುದು ದೊಡ್ಡ ತಪ್ಪು.

ಕಾರು ವಿಮೆಯಲ್ಲಿ ಎರಡು ಭಾಗಗಳಿವೆ. ಕಾರಿನಿಂದ ಬೇರೆಯವರಿಗಾಗುವ ಸಾವು, ಗಾಯ, ಆಸ್ತಿನಷ್ಟಗಳಿಗೆ ಪರಿಹಾರ ಕೊಡುವುದು ಥರ್ಡ್ ಪಾರ್ಟಿ ವಿಮೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನಂತೆ ಇದು ಕಡ್ಡಾಯ. ಇದರ ದರವನ್ನು ಸರ್ಕಾರವೇ ಪ್ರಕಟಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಖಾಸಗಿ ಕಾರಿಗೆ ವರ್ಷಕ್ಕೆ 1,000 ಸಿಸಿವರೆಗೆ 2,094 ರೂಪಾಯಿ, 1,500 ಸಿಸಿವರೆಗೆ 3,416 ರೂಪಾಯಿ, ಅದಕ್ಕೂ ಮೇಲ್ಪಟ್ಟ ಎಂಜಿನ್ನಿಗೆ 7,897 ರೂಪಾಯಿ ಎಂದಿದೆ. ಜಿಎಸ್‌ಟಿ ಇದರ ಮೇಲೆ. ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕೊಳ್ಳಬೇಕಾಗಿದೆ. ಈ ಪಟ್ಟಿಯಲ್ಲಿ ವಯಸ್ಸಿನ ಮಾತೇ ಇಲ್ಲವಾದ್ದರಿಂದ ಯುವಕನ ಅಪಾಯದ ಒಂದು ಪಾಲನ್ನು ಅನುಭವಿ ಚಾಲಕರೆಲ್ಲ ಹಂಚಿಕೊಂಡು ಹೊರುತ್ತಿದ್ದಾರೆ ಎನ್ನಬಹುದು. ಮೊದಲ ಸಂಬಳದಲ್ಲಿ ಹಳೆಯ ಕಾರು ಕೊಂಡವನಿಗೂ ಕಡ್ಡಾಯ ವಿಮೆ ಕೈಗೆಟುಕಬೇಕು ಎಂಬ ದೃಷ್ಟಿಯಿಂದ ಇದು ಒಪ್ಪಬೇಕಾದ ವ್ಯವಸ್ಥೆಯೇ.

ಸ್ವಂತ ಕಾರಿಗಾಗುವ ಹಾನಿ, ಕಳವು, ಬೆಂಕಿ, ನೆರೆಗಳಿಗೆ ಪರಿಹಾರ ನೀಡುವುದು ಎರಡನೆಯ ಭಾಗ. ಎರಡೂ ಸೇರಿದ ಪಾಲಿಸಿಯನ್ನೇ ಜನ ಫುಲ್ ಇನ್ಶೂರೆನ್ಸ್ ಎನ್ನುತ್ತಾರೆ. ಇದರ ಕಂತು ಐಡಿವಿಯನ್ನು, ಅಂದರೆ ಸವಕಳಿ ಕಳೆದು ಉಳಿಯುವ ಕಾರಿನ ಘೋಷಿತ ಬೆಲೆಯನ್ನು ಅವಲಂಬಿಸಿದೆ. ಹಳೆಯ ಅಖಿಲ ಭಾರತ ದರಪಟ್ಟಿಯಲ್ಲಿ ಎಂಟು ಮಹಾನಗರಗಳು ಎ ವಲಯಕ್ಕೂ ಉಳಿದ ದೇಶವೆಲ್ಲ ಬಿ ವಲಯಕ್ಕೂ ಸೇರಿದ್ದವು. ಕರ್ನಾಟಕದಲ್ಲಿ ಬೆಂಗಳೂರು ಮಾತ್ರ ಎ ವಲಯ, ಮೈಸೂರು, ಹುಬ್ಬಳ್ಳಿ, ಮಂಗಳೂರು ಎಲ್ಲ ಬಿ. ಐದು ವರ್ಷ ಮೀರದ, 1,200 ಸಿಸಿಯ, 6 ಲಕ್ಷ ರೂಪಾಯಿ ಐಡಿವಿಯ ಕಾರಿಗೆ ಬೆಂಗಳೂರಿನಲ್ಲಿ ಶೇ. 3.283ರಂತೆ 19,698 ರೂಪಾಯಿಯಾದರೆ ಮೈಸೂರಿನಲ್ಲಿ ಶೇ. 3.191ರಂತೆ 19,146 ರೂಪಾಯಿ. 2007ರ ಜನವರಿಯಿಂದ ಕಂಪನಿಗಳು ಈ ಭಾಗದ ದರವನ್ನು ತಾವೇ ನಿಗದಿಪಡಿಸಲು ಸ್ವತಂತ್ರವಾಗಿರುವುದರಿಂದ, ಅದೇ ಕಾರಿಗೆ ಒಂದೊಂದು ಕಂಪನಿ ಒಂದೊಂದು ರಿಯಾಯಿತಿ ಕೊಡುತ್ತದೆ. ಹಾಗಾಗಿ ಶೋರೂಮಿನವರು ಮುಂದಿಟ್ಟ ಮೊದಲ ಕೊಟೇಶನ್ನಿಗೇ ಸಹಿ ಹಾಕದೆ ಇನ್ನೂ ಎರಡು ಕಡೆ ವಿಚಾರಿಸುವುದು ಲಾಭದ ಕೆಲಸ.

ಚಾಲನೆಯ ಶಿಸ್ತು ಕಂತಿನಲ್ಲಿ ಕಾಣಿಸಿಕೊಳ್ಳುವುದು ಬಹುತೇಕ ಎನ್‌ಸಿಬಿ ಎಂಬ ಒಂದೇ ಬಾಗಿಲಿನಿಂದ. ಕ್ಲೇಮ್ ಮಾಡದೆ ಕಳೆದ ವರ್ಷಗಳಿಗೆ ಸ್ವಂತ ಹಾನಿಯ ಕಂತಿನಲ್ಲಿ ಸಿಗುವ ಈ ರಿಯಾಯಿತಿ ಮೊದಲ ವರ್ಷದ ನಂತರ ಶೇ. 20, ಆಮೇಲೆ 25, 35, 45 ಎಂದು ಏರಿ ಐದು ವರ್ಷಕ್ಕೆ ಶೇ. 50 ತಲುಪುತ್ತದೆ, ಒಂದು ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿಯುತ್ತದೆ. ರಿಯಾಯಿತಿ ಕಳೆಯುವ ಮುಂಚಿನ ಕಂತು 12,000 ರೂಪಾಯಿ ಎಂದಿಟ್ಟುಕೊಂಡು, ಅದು ಬದಲಾಗದೆಂದು ಭಾವಿಸಿ ಲೆಕ್ಕ ಹಾಕಿದರೆ, ಶೇ. 50 ಪಡೆಯುತ್ತಿದ್ದವರು ಒಂದು ಕ್ಲೇಮ್ ಮಾಡಿದ ಮರುವರ್ಷ 6,000 ರೂಪಾಯಿ ಹೆಚ್ಚು ತೆರಬೇಕಾಗುತ್ತದೆ. ಮುಂದಿನ ನಾಲ್ಕು ವರ್ಷಗಳಲ್ಲಿ ಕ್ರಮವಾಗಿ 3,600, 3,000, 1,800, 600 ರೂಪಾಯಿಯೂ ಅದಕ್ಕೆ ಸೇರಿ ಒಟ್ಟು 15,000 ರೂಪಾಯಿ ಕೈತಪ್ಪುತ್ತದೆ. ಪಾರ್ಕಿಂಗಿನಲ್ಲಿ ಗೀರಾದ ಬಂಪರಿಗೆ ನಾಲ್ಕು ಸಾವಿರದ ಬಿಲ್ಲು ಬಂದಾಗ ಕ್ಲೇಮ್ ಮಾಡುವುದು ಎಷ್ಟು ದುಬಾರಿ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಈ ರಿಯಾಯಿತಿ ಕಾರಿನದಲ್ಲ, ಮಾಲೀಕರದು. ಕಾರು ಮಾರಿದರೂ ಹೊಸ ಕಾರಿಗೆ ಅದನ್ನು ಒಯ್ಯಬಹುದು, ಆದರೆ ಅವಧಿ ಮುಗಿದು 90 ದಿನದೊಳಗೆ ಪಾಲಿಸಿ ನವೀಕರಿಸದಿದ್ದರೆ ಕಳೆದುಹೋಗುತ್ತದೆ. ತಂದೆಯ ಹೆಸರಿನ ಕಾರನ್ನು ಮಗಳು ಹತ್ತು ವರ್ಷ ಒಂದು ಗೀರೂ ಇಲ್ಲದಂತೆ ಓಡಿಸಿದರೂ ಕೂಡಿಬಂದ ರಿಯಾಯಿತಿ ತಂದೆಯದೇ. ಅವಳು ತನ್ನ ಹೆಸರಿನಲ್ಲಿ ಕಾರು ಕೊಂಡ ದಿನ ಸೊನ್ನೆಯಿಂದಲೇ ಆರಂಭಿಸಬೇಕು.

ಇಲ್ಲಿಯವರೆಗಿನದು ಸಾವಿರಗಳ ಲೆಕ್ಕ. ಲಕ್ಷಗಳ ಲೆಕ್ಕ ಆರಂಭವಾಗುವುದು ಪಾಲಿಸಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಚಾಲಕರ ಷರತ್ತಿನಿಂದ. ವಿಮೆ ಮಾಡಿಸಿದವರೂ ಸೇರಿದಂತೆ ಯಾರು ಬೇಕಾದರೂ ಕಾರು ಓಡಿಸಬಹುದು, ಆದರೆ ಅಪಘಾತದ ಹೊತ್ತಿಗೆ ಅವರ ಬಳಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಅವರು ಅದನ್ನು ಹೊಂದಲು ಅನರ್ಹರಾಗಿರಬಾರದು ಎಂಬುದು ಅದರ ಸಾರ. ಎಲ್‌ಎಲ್‌ಆರ್, ಅಂದರೆ ಕಲಿಕಾ ಲೈಸೆನ್ಸ್ ಇರುವವರಿಗೂ ವಿಮೆಯ ರಕ್ಷಣೆ ಉಂಟು. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮದಂತೆ ಕಾರಿಗೆ ಕೆಂಪು ಎಲ್ ಬೋರ್ಡ್ ಇರಬೇಕು, ಲೈಸೆನ್ಸ್ ಇರುವ ಕಲಿಸುವವರೊಬ್ಬರು ಬೇಕೆಂದಾಗ ಕಾರು ನಿಲ್ಲಿಸಬಲ್ಲ ಹಾಗೆ ಪಕ್ಕದಲ್ಲಿ ಕುಳಿತಿರಬೇಕು. ಸಂಜೆ ಬಡಾವಣೆಯ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೋಗಿಬರುತ್ತೇನೆಂದು ಎಲ್‌ಎಲ್‌ಆರ್ ಹಿಡಿದು ಒಂಟಿಯಾಗಿ ಹೊರಟ ಹುಡುಗ ಕಂಪನಿಯ ಕಣ್ಣಿನಲ್ಲಿ ಷರತ್ತು ಮುರಿದವನೇ.

ಷರತ್ತು ಮುರಿದಾಗ ಸ್ವಂತ ಕಾರಿನ ದುರಸ್ತಿಯ ಕ್ಲೇಮ್ ತಿರಸ್ಕೃತವಾಗುವುದು ಸಣ್ಣ ನಷ್ಟ. ಕಾರು ಯಾರಿಗಾದರೂ ಬಡಿದು ಅವರು ಸತ್ತರೆ ಅಥವಾ ಅಂಗವಿಕಲರಾದರೆ, ಬಡವರ ಪರಿಹಾರ ನಿಲ್ಲಬಾರದೆಂಬ ಕಾಳಜಿಯಿಂದ 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿದ ಕ್ರಮವೊಂದಿದೆ: ಕಂಪನಿ ಮೊದಲು ನೊಂದವರಿಗೆ ಹಣ ಕೊಡಬೇಕು, ಆಮೇಲೆ ಅದನ್ನು ವಾಹನದ ಮಾಲೀಕರಿಂದ ವಸೂಲು ಮಾಡಿಕೊಳ್ಳಬಹುದು. ಸತ್ತವರು 25 ವರ್ಷದೊಳಗಿನವರಾಗಿದ್ದರೆ ಅವಲಂಬಿತರಿಗೆ ತಪ್ಪಿಹೋದ ವಾರ್ಷಿಕ ಆದಾಯವನ್ನು 18ರಿಂದ ಗುಣಿಸಿ ಪರಿಹಾರ ಕಟ್ಟುವ ಪದ್ಧತಿ ನ್ಯಾಯಮಂಡಳಿಗಳಲ್ಲಿರುವುದರಿಂದ ಮೊತ್ತ ಸುಲಭವಾಗಿ ಹತ್ತಾರು ಲಕ್ಷ ಮುಟ್ಟುತ್ತದೆ. ಆ ವಸೂಲಿ ನೋಟಿಸು ಬರುವುದು ಆರ್‌ಸಿಯಲ್ಲಿ ಹೆಸರಿರುವ ಅಪ್ಪನಿಗೆ ಅಥವಾ ಅಮ್ಮನಿಗೆ.

ಓಡಿಸಿದವರು ಅಪ್ರಾಪ್ತರಾಗಿದ್ದರೆ ಹಣದೊಂದಿಗೆ ಜೈಲಿನ ಮಾತೂ ಬರುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮಿನಂತೆ ಪೋಷಕರು ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು, ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ, ಆ ಹುಡುಗ ಅಥವಾ ಹುಡುಗಿ 25 ವರ್ಷ ತುಂಬುವವರೆಗೆ ಲೈಸೆನ್ಸಿಗೆ ಅರ್ಹರಾಗುವುದಿಲ್ಲ. ತಮಗೆ ತಿಳಿಯದೆ ಕೀಲಿಕೈ ತೆಗೆದುಕೊಂಡು ಹೋದರೆಂಬುದನ್ನು ಸಾಬೀತುಪಡಿಸುವ ಹೊಣೆಯೂ ದೊಡ್ಡವರದೇ.

ಕುಟುಂಬಗಳು ಅರಿಯದೇ ಹೋಗುವ ಇನ್ನೊಂದು ಸಂಗತಿ ಚಾಲಕರದೇ ಸಾವಿಗೆ ಸಂಬಂಧಿಸಿದ್ದು. ಕಂತಿನ ಪಟ್ಟಿಯಲ್ಲಿ 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆಯೊಂದು ಇರುತ್ತದೆ. ಅದರ ಹೆಸರಿನಲ್ಲೇ ಮಾಲೀಕ-ಚಾಲಕ ಎಂದಿದ್ದು, ಕಾರು ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ ಅದು ಅನ್ವಯ. ತಂದೆಯ ಕಾರು ಓಡಿಸುತ್ತಿದ್ದ ಮಗ ಸತ್ತರೆ ಈ ಹದಿನೈದು ಲಕ್ಷ ಬರುವುದಿಲ್ಲ. ಅವನು ಥರ್ಡ್ ಪಾರ್ಟಿಯೂ ಅಲ್ಲ. ತನ್ನದೇ ಅಜಾಗರೂಕ ಚಾಲನೆಯಿಂದ ಸತ್ತವರ ವಾರಸುದಾರರು ವಿಮಾ ಕಂಪನಿಯಿಂದ ಪರಿಹಾರ ಕೇಳಲಾಗದೆಂಬ ಕರ್ನಾಟಕ ಹೈಕೋರ್ಟಿನ ನಿಲುವಿನಲ್ಲಿ ಮಧ್ಯಪ್ರವೇಶಿಸಲು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಿರಾಕರಿಸಿತು. ಆ ಪ್ರಕರಣದಲ್ಲಿ ಕುಟುಂಬ ಕೇಳಿದ್ದು 80 ಲಕ್ಷ ರೂಪಾಯಿ. ಮನೆಯ ಮಕ್ಕಳು ಕಾರು ಓಡಿಸುವುದಾದರೆ ಅವರ ಹೆಸರು ಬರೆಸಿ ಹೆಚ್ಚುವರಿ ಅಪಘಾತ ರಕ್ಷಣೆ ಪಡೆಯುವುದು ಅಥವಾ ಅವರಿಗೇ ಪ್ರತ್ಯೇಕ ಅಪಘಾತ ಪಾಲಿಸಿ ಮಾಡಿಸುವುದು ಈ ಕಂದಕವನ್ನು ಮುಚ್ಚುವ ದಾರಿ.

ಜೊತೆಗೆ ಕುಳಿತ ಗೆಳೆಯರ ಸ್ಥಿತಿಯೂ ಯೋಚಿಸತಕ್ಕದ್ದು. ಬರೀ ಥರ್ಡ್ ಪಾರ್ಟಿ ವಿಮೆಯಿರುವ ಖಾಸಗಿ ಕಾರಿನಲ್ಲಿ ಬಾಡಿಗೆಯಿಲ್ಲದೆ ಪಯಣಿಸುವವರಿಗೆ ಕಂಪನಿ ಹೊಣೆಯಲ್ಲವೆಂದು ಹಲವು ತೀರ್ಪುಗಳು ಬಂದಿವೆ. ಫುಲ್ ಇನ್ಶೂರೆನ್ಸ್ ಇದ್ದರೆ ಅವರಿಗೂ ರಕ್ಷಣೆಯುಂಟೆಂಬುದನ್ನು 2012ರಲ್ಲಿ ಸುಪ್ರೀಂ ಕೋರ್ಟ್ ಪರಿಗಣಿಸಿದೆ. ಭಾನುವಾರದ ನಸುಕಿನಲ್ಲಿ ನಾಲ್ವರು ಗೆಳೆಯರನ್ನು ಕೂರಿಸಿಕೊಂಡು ನಂದಿಬೆಟ್ಟಕ್ಕೆ ಹೊರಡುವ ತರುಣ, ಹಳೆಯ ಕಾರಿಗೆ ಥರ್ಡ್ ಪಾರ್ಟಿ ಸಾಕೆಂದು ಉಳಿಸಿದ ಕೆಲವು ಸಾವಿರ ರೂಪಾಯಿಗೆ ಆ ನಾಲ್ವರ ಹೊಣೆಯನ್ನು ತನ್ನ ತಲೆಯ ಮೇಲೆ ಹೊತ್ತಿರುತ್ತಾನೆ.

ಹಣ ಉಳಿಸಲೇಬೇಕಾದಲ್ಲಿ ಬೇರೆ ದಾರಿಗಳಿವೆ. ಸಣ್ಣ ಎಂಜಿನ್ನಿನ ಕಾರು ಆರಿಸಿಕೊಳ್ಳಬಹುದು. ಪ್ರತಿ ಕ್ಲೇಮಿನಲ್ಲಿ ಒಂದಿಷ್ಟು ಮೊತ್ತವನ್ನು ತಾವೇ ಭರಿಸಲು ಒಪ್ಪಿ ಕಂತು ಇಳಿಸಿಕೊಳ್ಳಬಹುದು. ವಿಮಾ ನಿಯಂತ್ರಣ ಪ್ರಾಧಿಕಾರ 2022ರ ಜುಲೈನಲ್ಲಿ ಅನುಮತಿಸಿದ, ಓಡಿಸಿದಷ್ಟಕ್ಕೆ ಅಥವಾ ಓಡಿಸಿದ ರೀತಿಗೆ ತಕ್ಕ ಕಂತಿನ ಪಾಲಿಸಿಗಳನ್ನು ನೋಡಬಹುದು. ವಾರಾಂತ್ಯಕ್ಕೆ ಮಾತ್ರ ಕಾರು ತೆಗೆಯುವ ಯುವ ಉದ್ಯೋಗಿಗೆ ಇವು ಹೇಳಿ ಮಾಡಿಸಿದಂತಿವೆ. ಆದರೆ ಫುಲ್ ಇನ್ಶೂರೆನ್ಸನ್ನೇ ಕೈಬಿಡುವುದು ಉಳಿತಾಯವಲ್ಲ.

ಮಕ್ಕಳ ಕೈಗೆ ಕೀಲಿಕೈ ಕೊಡುವ ಪ್ರತಿ ತಂದೆತಾಯಿ ಒಮ್ಮೆ ಪಾಲಿಸಿಯ ಚಾಲಕರ ಷರತ್ತನ್ನು ಓದಿ, ಮಕ್ಕಳ ಲೈಸೆನ್ಸಿನ ದಿನಾಂಕವನ್ನು ನೋಡಿಕೊಳ್ಳಬೇಕು. ಎಲ್‌ಎಲ್‌ಆರ್ ಕೊಟ್ಟ ದಿನದಿಂದ ಆರು ತಿಂಗಳು ಮಾತ್ರ ಚಾಲ್ತಿಯಲ್ಲಿರುತ್ತದೆ.