ಯಂತ್ರವಾರು ವಿದ್ಯುತ್ ಅಳತೆ: ಮೈಕ್ರೋಕಂಟ್ರೋಲರ್ ಬಳಸುವ ಬಗೆ

ತಿಂಗಳ ವಿದ್ಯುತ್ ಬಿಲ್ಲು ಇಡೀ ಘಟಕದ ಬಳಕೆಯನ್ನು ಒಂದೇ ಮೊತ್ತದಲ್ಲಿ ತಿಳಿಸುತ್ತದೆ. ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿಗಳ ಕಾರ್ಖಾನೆಯಾಗಲಿ, ಗುಬ್ಬಿಯ ಎಣ್ಣೆ ಗಿರಣಿಯಾಗಲಿ, ಕುಣಿಗಲ್ ತಾಲ್ಲೂಕು ಅಂಚೇಪಾಳ್ಯದ ಘಟಕವಾಗಲಿ, ಬೆಸ್ಕಾಂ ಮೀಟರು ತೋರಿಸುವುದು ಒಟ್ಟು ಲೆಕ್ಕವನ್ನು ಮಾತ್ರ. ಯಾವ ಮೋಟಾರು ಎಷ್ಟು ವಿದ್ಯುತ್ ಸೆಳೆಯಿತು, ಯಾವುದು ಕೆಲಸವಿಲ್ಲದೆ ಓಡಿತು ಎಂಬುದು ಅದರಿಂದ ತಿಳಿಯದು. ಎಲೆಕ್ಟ್ರಿಷಿಯನ್ ಬಳಸುವ ಸಾಮಾನ್ಯ ಟಾಂಗ್ ಟೆಸ್ಟರ್ ಆ ಕ್ಷಣದ ಆಂಪಿಯರನ್ನು ತೋರಿಸುತ್ತದೆಯೇ ಹೊರತು ಇಡೀ ಪಾಳಿಯ ದಾಖಲೆಯನ್ನು ಇಡುವುದಿಲ್ಲ. ಈ ಕೊರತೆಯನ್ನು ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಚಿಪ್ ಅಲ್ಪ ವೆಚ್ಚದಲ್ಲಿ ನೀಗಬಲ್ಲದು. ಆದರೆ ಅಳತೆಯ ತತ್ತ್ವವನ್ನು ಅರಿಯದೆ ಜೋಡಿಸಿದ ಉಪಕರಣ ತಪ್ಪು ಅಂಕಿ ನೀಡಿ, ತಪ್ಪು ನಿರ್ಧಾರಕ್ಕೆ ಎಡೆಮಾಡುತ್ತದೆ.

ಸರಾಸರಿ ಏಕೆ ಸಲ್ಲದು?

ಪರ್ಯಾಯ ವಿದ್ಯುತ್ ಪ್ರವಾಹ ಸೆಕೆಂಡಿಗೆ 50 ಆವರ್ತಗಳನ್ನು ಪೂರೈಸುತ್ತದೆ. ಒಂದು ಆವರ್ತಕ್ಕೆ 20 ಮಿಲಿಸೆಕೆಂಡು. ಅದರಲ್ಲಿ ಅರ್ಧ ಭಾಗ ಧನ, ಉಳಿದರ್ಧ ಋಣವಾಗಿರುವುದರಿಂದ ಅಳತೆಗಳ ನೇರ ಸರಾಸರಿ ಸೊನ್ನೆಯಾಗುತ್ತದೆ. ಆದುದರಿಂದ ಪ್ರತಿಯೊಂದು ಅಳತೆಯನ್ನು ವರ್ಗ ಮಾಡಿ, ವರ್ಗಗಳ ಸರಾಸರಿ ತೆಗೆದು, ಅದರ ವರ್ಗಮೂಲವನ್ನು ಪಡೆಯಬೇಕು. ಇದೇ ಆರ್.ಎಂ.ಎಸ್. ಮೌಲ್ಯ. 230 ವೋಲ್ಟ್ ಎಂಬುದೂ ಇಂತಹ ಮೌಲ್ಯವೇ; ಅದರ ಶಿಖರ ಸುಮಾರು 325 ವೋಲ್ಟ್. ಅಗ್ಗದ ಕೆಲವು ಮೀಟರುಗಳು ಋಣ ಭಾಗವನ್ನೂ ಧನವಾಗಿಸಿ ಸರಾಸರಿ ತೆಗೆದು, ಅದನ್ನು 1.11ರಿಂದ ಗುಣಿಸಿ ತೋರಿಸುತ್ತವೆ. ವಿ.ಎಫ್.ಡಿ. ಅಳವಡಿಸಿದ ಯಂತ್ರಗಳಲ್ಲಿ ಪ್ರವಾಹದ ಅಲೆ ವಿಕಾರಗೊಂಡಿರುವುದರಿಂದ ಈ ಲೆಕ್ಕ ತಪ್ಪುತ್ತದೆ.

ಜೋಡಣೆ

ವಿದ್ಯುತ್ ತಂತಿಯನ್ನು ಚಿಪ್‌ಗೆ ನೇರವಾಗಿ ಸೇರಿಸುವಂತಿಲ್ಲ. ತಂತಿಯ ಸುತ್ತ ಕೂರುವ ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ಸಿ.ಟಿ., ಅಗತ್ಯ. ಉದಾಹರಣೆಗೆ ಎಸ್‌ಸಿಟಿ-013-000 ಮಾದರಿಯ ಸಿ.ಟಿ. 100 ಆಂಪಿಯರನ್ನು 50 ಮಿಲಿಆಂಪಿಯರಿಗೆ ಇಳಿಸುತ್ತದೆ. ಅದನ್ನು 33 ಓಮ್ ರೆಸಿಸ್ಟರಿನ ಮೂಲಕ ಹರಿಸಿದಾಗ 1.65 ವೋಲ್ಟ್ ದೊರೆಯುತ್ತದೆ. ಆರ್ಡುಯಿನೋ ಊನೋ ಬೋರ್ಡಿನಲ್ಲಿರುವ ಚಿಪ್ 0ಯಿಂದ 5 ವೋಲ್ಟ್‌ವರೆಗೆ ಮಾತ್ರ ಓದಬಲ್ಲದು. ಋಣ ವೋಲ್ಟೇಜನ್ನು ಓದಲಾರದು. ಆದಕಾರಣ ಎರಡು ಸಮಾನ ರೆಸಿಸ್ಟರುಗಳಿಂದ 2.5 ವೋಲ್ಟ್‌ನ ನಡುಮಟ್ಟ ಕಲ್ಪಿಸಿ, ಅಲೆ ಅದರ ಮೇಲೆ ಕೆಳಗೆ ಆಡುವಂತೆ ಮಾಡಬೇಕು. ಲೆಕ್ಕ ಹಾಕುವಾಗ ಪ್ರೋಗ್ರಾಂ ಈ 2.5 ವೋಲ್ಟನ್ನು ಕಳೆಯಬೇಕು.

415 ವೋಲ್ಟ್‌ನ 10 ಅಶ್ವಶಕ್ತಿ ಮೋಟಾರು ಪೂರ್ಣ ಹೊರೆಯಲ್ಲಿ ಸುಮಾರು 14 ಆಂಪಿಯರ್ ಸೆಳೆಯುತ್ತದೆ. 100 ಆಂಪಿಯರಿನ ಸಿ.ಟಿ.ಗೆ ಇದು ಅಲ್ಪ. ಒಂದೇ ತಂತಿಯನ್ನು ಸಿ.ಟಿ.ಯೊಳಗೆ ಮೂರು ಬಾರಿ ಹಾಯಿಸಿ, ಬಂದ ಅಂಕಿಯನ್ನು ಮೂರರಿಂದ ಭಾಗಿಸಿದರೆ ಅಳತೆ ನಿಖರವಾಗುತ್ತದೆ. ಮೂರು ಫೇಸಿನ ತಂತಿಗಳನ್ನೂ ಒಟ್ಟಿಗೆ ಒಂದೇ ಸಿ.ಟಿ.ಯೊಳಗೆ ಹಾಯಿಸಿದರೆ ಒಂದರ ಪರಿಣಾಮವನ್ನು ಮತ್ತೊಂದು ರದ್ದುಗೊಳಿಸಿ ಸೊನ್ನೆ ಕಾಣುತ್ತದೆ. ಜೋಡಣೆಯ ನಂತರ ಉತ್ತಮ ಟ್ರೂ ಆರ್.ಎಂ.ಎಸ್. ಮೀಟರಿನೊಡನೆ ಹೋಲಿಸಿ ಸರಿಪಡಿಸುವುದು ಕಡ್ಡಾಯ. ಇದಕ್ಕೆ 1963ರಲ್ಲಿ ಆರಂಭವಾದ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯದಂತಹ ಸ್ಥಳೀಯ ಇಂಜಿನಿಯರಿಂಗ್ ಕಾಲೇಜುಗಳ ನೆರವನ್ನು ಕೋರಬಹುದು.

ಆಂಪಿಯರ್ ಬೇರೆ, ಯೂನಿಟ್ ಬೇರೆ

ಹೊರೆಯಿಲ್ಲದೆ ಓಡುವ ಇಂಡಕ್ಷನ್ ಮೋಟಾರು ಪೂರ್ಣ ಹೊರೆಯ ಮೂರನೆಯ ಒಂದು ಭಾಗದಷ್ಟು ಅಥವಾ ಅದಕ್ಕೂ ಹೆಚ್ಚು ಪ್ರವಾಹ ಸೆಳೆಯಬಹುದು. ಆದರೆ ಆಗ ಪವರ್ ಫ್ಯಾಕ್ಟರ್ ಬಹಳ ಕಡಿಮೆಯಿರುವುದರಿಂದ ಯೂನಿಟ್ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಆಂಪಿಯರನ್ನು ವೋಲ್ಟ್‌ನಿಂದ ಗುಣಿಸಿದಾಗ ಸಿಗುವುದು ಕೆ.ವಿ.ಎ.; ಕಿಲೋವ್ಯಾಟ್ ಅಲ್ಲ. ಯೂನಿಟ್ ಲೆಕ್ಕ ಬೇಕಾದಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರ್ ಮೂಲಕ ವೋಲ್ಟೇಜನ್ನೂ ಜೊತೆಯಲ್ಲೇ ಅಳೆದು, ಪ್ರತಿ ಕ್ಷಣದ ಗುಣಲಬ್ಧದ ಸರಾಸರಿ ತೆಗೆಯಬೇಕು. ಪವರ್ ಫ್ಯಾಕ್ಟರ್ ನಿಗದಿತ ಮಟ್ಟಕ್ಕಿಂತ ಇಳಿದರೆ ಸರ್‌ಚಾರ್ಜ್ ಬೀಳುವುದರಿಂದ ಈ ಲೆಕ್ಕಕ್ಕೆ ಬೆಲೆಯಿದೆ. ಕೆಪಾಸಿಟರ್ ಅಳವಡಿಸಿದವರು ಅದರ ಫಲವನ್ನು ಕಾಣಬೇಕಾದರೆ ಸಿ.ಟಿ.ಯನ್ನು ಕೆಪಾಸಿಟರಿಗಿಂತ ಮೊದಲು, ಸರಬರಾಜಿನ ಕಡೆಯ ತಂತಿಗೆ ಹಾಕಬೇಕು. ಮೋಟಾರಿನ ಕಡೆಯ ತಂತಿಯಲ್ಲಿ ಪ್ರವಾಹ ಇಳಿಯುವುದಿಲ್ಲ.

ಮೂರು ಫೇಸಿಗೂ ಒಂದೊಂದು ಸಿ.ಟಿ. ಇದ್ದರೆ ಮತ್ತೊಂದು ಲಾಭವಿದೆ. ಒಂದು ಫೇಸ್ ಹೋದಾಗ ಓಡುತ್ತಿರುವ ಮೋಟಾರು ಉಳಿದೆರಡರಲ್ಲಿ ಸುಮಾರು 1.7 ಪಟ್ಟು ಪ್ರವಾಹ ಸೆಳೆದು ಸುಟ್ಟುಹೋಗುವ ಅಪಾಯವಿದೆ. ಉಪಕರಣ ಇದನ್ನು ಕೂಡಲೇ ತೋರಿಸುತ್ತದೆ. ಆದರೆ ಮೋಟಾರಿನ ರಕ್ಷಣೆಯ ಹೊಣೆ ಸಿಂಗಲ್ ಫೇಸ್ ಪ್ರಿವೆಂಟರ್ ಹಾಗೂ ಓವರ್‌ಲೋಡ್ ರಿಲೇಗಳದ್ದೇ.

ಎಚ್ಚರಿಕೆ

ತಂತಿಯಲ್ಲಿ ಪ್ರವಾಹವಿರುವಾಗ ಸಿ.ಟಿ.ಯ ಹೊರತಂತಿಗಳನ್ನು ಬಿಡಿಯಾಗಿ ಬಿಡಬಾರದು. ಅಪಾಯಕಾರಿ ವೋಲ್ಟೇಜ್ ಉಂಟಾಗಬಹುದು. ಸರಬರಾಜನ್ನು ನಿಲ್ಲಿಸಿದ ನಂತರವೇ, ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನಿಂದ ಜೋಡಣೆ ಮಾಡಿಸತಕ್ಕದ್ದು. ಬೆಸ್ಕಾಂ ಮೀಟರನ್ನಾಗಲಿ ಅದರ ಸೀಲನ್ನಾಗಲಿ ಮುಟ್ಟಕೂಡದು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2006ರ ಮೀಟರ್ ನಿಯಮಾವಳಿಗೆ ಒಳಪಟ್ಟ ಮೀಟರೇ ಬಿಲ್ಲಿಗೆ ಆಧಾರ. ಸ್ವಂತ ಉಪಕರಣದ ಅಂಕಿ ಅದಕ್ಕೆ ಬದಲಿಯಾಗದು. ಎರಡರ ನಡುವೆ ದೊಡ್ಡ ವ್ಯತ್ಯಾಸ ಕಂಡುಬಂದಲ್ಲಿ, ಮೊದಲು ಸ್ವಂತ ಉಪಕರಣವನ್ನು ಪರೀಕ್ಷಿಸಿ, ನಂತರ ಮೀಟರ್ ಪರೀಕ್ಷೆಗೆ ಅರ್ಜಿ ಸಲ್ಲಿಸುವುದು ಸರಿಯಾದ ಕ್ರಮ.

ಮೊದಲ ತಿಂಗಳು ಅತಿ ದೊಡ್ಡ ಮೋಟಾರೊಂದಕ್ಕೆ ಮಾತ್ರ ಇದನ್ನು ಅಳವಡಿಸಿ, ಪಾಳಿವಾರು ಅಂಕಿಗಳನ್ನು ಉತ್ಪಾದನಾ ಪುಸ್ತಕದೊಡನೆ ಹೋಲಿಸುವುದು ಉಚಿತ. ಉತ್ಪಾದನೆಯಿಲ್ಲದ ಗಂಟೆಗಳಲ್ಲಿ ಮೋಟಾರು ಓಡಿದ್ದರೆ ಅದು ಅಲ್ಲಿಯೇ ಕಾಣುತ್ತದೆ. ಉಳಿತಾಯದ ಮೊದಲ ಹೆಜ್ಜೆಯೂ ಅಲ್ಲಿಂದಲೇ.